ಸೋತ ಮಕ್ಕಳಿಗೆ ಇನ್ನೊಂದು ಮ್ಯಾಚು ಕೊಡಿ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ ಸರ್. ನಾನು ಸಂಜೆ ಹೊತ್ತು ಹೈಸ್ಕೂಲ್ ಗ್ರೌಂಡಲ್ಲಿ ಒಂದು ಮೂವತ್ತು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡ್ತೀನಿ. ಅದು ನನ್ನ ಕೆಲಸ ಅಲ್ಲ, ಸಂಬಳನೂ ಇಲ್ಲ, ಚಿಕ್ಕಂದಿನಿಂದ ಹತ್ತಿದ ಹುಚ್ಚು ಅಷ್ಟೇ. ಈ ಪತ್ರ ಬರೀಬೇಕು ಅನ್ಸಿದ್ದು 2025ರ ನವೆಂಬರ್ 30ರ ಒಂದು ಮ್ಯಾಚು ನೋಡಿದ ಮೇಲೆ.

ಅವತ್ತು ಅಹಮದಾಬಾದ್‌ನಲ್ಲಿ ನಮ್ಮ ಅಂಡರ್-17 ಹುಡುಗರು ಇರಾನ್ ಎದುರು ಆಡಿದ್ರು, ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿ ನಡೆಸೋ ಅಂಡರ್-17 ಏಷ್ಯನ್ ಕಪ್‌ನ ಕ್ವಾಲಿಫೈಯರ್ಸ್ (ಅರ್ಹತಾ ಪಂದ್ಯಗಳು), ಗ್ರೂಪಿನ ಕೊನೇ ಮ್ಯಾಚು, ಗೆದ್ರೆ ಮಾತ್ರ ಏಷ್ಯನ್ ಕಪ್ ಇದ್ದ ಸೌದಿಗೆ ಟಿಕೆಟ್, ಡ್ರಾ ಆದ್ರೆ ಕಥೆ ಮುಗೀತು. ಈ ಸಲ ನಿಯಮ ಎಷ್ಟು ಗಟ್ಟಿ ಇತ್ತು ಅಂದ್ರೆ, 38 ದೇಶಗಳನ್ನ 7 ಗ್ರೂಪ್ ಮಾಡಿ ಪ್ರತಿ ಗ್ರೂಪಿಂದ ಒಂದೇ ಒಂದು ಟೀಮ್ ಒಳಗೆ, ಎರಡನೇ ಸ್ಥಾನಕ್ಕೆ ಏನೂ ಇಲ್ಲ. ಮಿಕ್ಕ 9 ಜಾಗ 2025ರ ಅಂಡರ್-17 ವರ್ಲ್ಡ್ ಕಪ್ ಆಡಿದ ಏಷ್ಯಾದ ಟೀಮುಗಳಿಗೆ ಮೊದಲೇ ಹೋಗಿತ್ತು. ಮೊದಲ ಗೋಲು ಇರಾನಿಂದೇ ಬಂತು. ಹಾಫ್ ಟೈಮ್ ಹತ್ರ ಪೆನಾಲ್ಟಿಯಲ್ಲಿ ದಲ್ಲಾಲ್‌ಮುವಾನ್ ಗಂಗ್ಟೆ ಸಮ ಮಾಡಿದ, ಬ್ರೇಕ್ ಆದ ಸ್ವಲ್ಪ ಹೊತ್ತಿಗೆ ಗುನ್ಲೈಬಾ ಎರಡನೇದು ಹೊಡೆದ, ಆಮೇಲೆ ಆ ಒಂದು ಗೋಲನ್ನ ಕೊನೇವರೆಗೂ ಹಿಡ್ಕೊಂಡ್ರು. 2-1.

ಆದ್ರೆ ಸರ್, ನನ್ನ ತಲೇಲಿ ಉಳಿದಿರೋದು ಆ ಗೆಲುವಿಗಿಂತ ಅದಕ್ಕೆ ಎರಡು ದಿನ ಮುಂಚಿನ ಸೋಲು. ನವೆಂಬರ್ 28ಕ್ಕೆ ಇದೇ ಹುಡುಗರು ಲೆಬನಾನ್ ಎದುರು 0-2ರಲ್ಲಿ ಸೋತಿದ್ರು. ಅದಕ್ಕೂ ಮೊದಲು ಪ್ಯಾಲೆಸ್ಟೈನ್ ಜೊತೆ 1-1 ಡ್ರಾ, ಚೈನೀಸ್ ತೈಪೆ ಎದುರು 3-1 ಗೆಲುವು. ಒಂಬತ್ತು ದಿನದಲ್ಲಿ ನಾಲ್ಕು ಮ್ಯಾಚು, ನಡುವೆ ಒಂದು ಕೆಟ್ಟ ಸೋಲು, ಹದಿನಾರು ವರ್ಷದ ಹುಡುಗರು ರಾತ್ರಿಯೆಲ್ಲ ಅದನ್ನೇ ಯೋಚಿಸಿರ್ತಾರೆ, ಆದ್ರೂ ಎರಡೇ ದಿನಕ್ಕೆ ಎದ್ದು ನಿಂತು ಏಷ್ಯಾದ ದೊಡ್ಡ ಟೀಮೊಂದನ್ನ ಸೋಲಿಸಿದ್ರು. ಯಾಕೆ ಆಯ್ತು ಅಂದ್ರೆ ಅವರಿಗೆ ಇನ್ನೊಂದು ಮ್ಯಾಚು ಇತ್ತು.

ನಮ್ಮ ಮಕ್ಕಳಿಗೆ ಆ ಇನ್ನೊಂದು ಮ್ಯಾಚು ಇಲ್ಲ ಸರ್. ಶಾಲೆಗಳ ಕ್ರೀಡಾಕೂಟದಲ್ಲಿ ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಎಲ್ಲಾ ಮಟ್ಟದಲ್ಲೂ ನಾಕೌಟ್. ಸೋತ್ರೆ ಆ ವರ್ಷ ಮುಗೀತು.

ಹೋದ ವರ್ಷ ನಮ್ಮ ಹುಡುಗರನ್ನ ತಾಲೂಕು ಮಟ್ಟಕ್ಕೆ ಕರ್ಕೊಂಡು ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಟೆಂಪೋ ಹತ್ತಿದ್ವಿ, ಜರ್ಸಿ ಹಿಂದೆ ನಂಬರ್ ಇಲ್ಲ ಅಂತ ಹಿಂದಿನ ರಾತ್ರಿ ಬಿಳಿ ಪೇಂಟಲ್ಲಿ ನಾವೇ ಬರೆದಿದ್ವಿ, ಇನ್ನೂ ಸರಿಯಾಗಿ ಒಣಗಿರ್ಲಿಲ್ಲ, ಟೆಂಪೋದಲ್ಲಿ ಯಾರೂ ಬೆನ್ನು ಒರಗಿಸದೇ ಕೂತ್ಕೊಂಡು ಬಂದ್ರು. ಟೀಮ್ ಜಾಸ್ತಿ, ಗ್ರೌಂಡ್ ಒಂದೇ, ಅದಕ್ಕೆ ಹಾಫ್‌ಗೆ 15 ನಿಮಿಷ ಅಂತ ಮಾಡಿದ್ರು. 0-0 ಆಯ್ತು, ನೇರ ಪೆನಾಲ್ಟಿ. ನಮ್ಮ ಲೆಫ್ಟ್ ಬ್ಯಾಕ್ ಎಂಟನೇ ಕ್ಲಾಸಿನ ಹುಡುಗ, ಅವನು ಹೊಡೆದ ಬಾಲ್ ಬಾರ್‌ಗೆ ತಗುಲಿ ಹೊರಗೆ ಹೋಯ್ತು. ಹತ್ತೂವರೆಗೆಲ್ಲ ನಮ್ಮದು ಮುಗಿದಿತ್ತು. ಬೇರೆಯವರು ಅತ್ತು ಸುಮ್ಮನಾದ್ರು, ಇವನು ಮಾತ್ರ ಗೋಲ್ ಪೋಸ್ಟ್ ಹಿಂದೆ ಕೂತು ಶೂ ಲೇಸ್ ಬಿಚ್ಚೋದು ಮತ್ತೆ ಕಟ್ಟೋದು ಮಾಡ್ತಾ ಇದ್ದ, ನಾನು ಹತ್ರ ಹೋದ ತಕ್ಷಣ ಕೇಳಿದ್ದು ಒಂದೇ, ಸರ್ ನೆಕ್ಸ್ಟ್ ಮ್ಯಾಚ್ ಯಾವಾಗ. ಮುಂದಿನ ವರ್ಷ ಕಣೋ ಅಂದೆ. ಅವನು ನಂಬಲಿಲ್ಲ, ನನ್ನ ಮುಖಾನೇ ನೋಡ್ತಾ ಇದ್ದ.

ಲೆಕ್ಕ ಹಾಕಿ ನೋಡಿ. ಹದಿನಾರು ಟೀಮ್ ನಾಕೌಟ್ ಆಡಿದ್ರೆ ಒಟ್ಟು 15 ಮ್ಯಾಚು, ಅದರಲ್ಲಿ 8 ಟೀಮು ಒಂದೇ ಮ್ಯಾಚಿಗೆ ಮನೆಗೆ. ಅದೇ ಹದಿನಾರು ಟೀಮು ಒಂದು ಸುತ್ತು ಲೀಗ್ ಆಡಿದ್ರೆ 120 ಮ್ಯಾಚು, ಅತಿ ಕಡೇ ಟೀಮಿಗೂ 15 ಮ್ಯಾಚು ಸಿಗುತ್ತೆ. ಪೆನಾಲ್ಟಿ ಮಿಸ್ ಮಾಡಿದ ಹುಡುಗ ಮುಂದಿನ ಶನಿವಾರ ಮತ್ತೆ ಪೆನಾಲ್ಟಿ ಹೊಡೀಬಹುದು. ಆಟ ಕಲಿಯೋದೇ ಹಂಗೆ ಅಲ್ವಾ.

ಅಂತರರಾಷ್ಟ್ರೀಯ ಮಟ್ಟದಲ್ಲಿ ನಾವು ಎಲ್ಲಿ ಎಡವ್ತೀವಿ ಅಂತ ನೋಡಿದ್ರೂ ಇದೇ ಕಾಣುತ್ತೆ. 2018ರಲ್ಲಿ ಮಲೇಷ್ಯಾದಲ್ಲಿ ಬಿಬಿಯಾನೊ ಫರ್ನಾಂಡಿಸ್ ಕೋಚ್ ಆಗಿದ್ದ ನಮ್ಮ ಅಂಡರ್-16 ಟೀಮ್ ಏಷ್ಯಾದ ಟೂರ್ನಿಯ ಕ್ವಾರ್ಟರ್ ಫೈನಲ್‌ಗೆ ಹೋಗಿ ದಕ್ಷಿಣ ಕೊರಿಯಾ ಎದುರು 0-1ರಲ್ಲಿ ಸೋತಿತ್ತು, ಅದೊಂದು ಗೆದ್ದಿದ್ರೆ ವರ್ಲ್ಡ್ ಕಪ್‌ಗೆ ಹೋಗ್ತಿದ್ರು. 2023ರ ಅಂಡರ್-17 ಏಷ್ಯನ್ ಕಪ್‌ನಲ್ಲಿ ಜಪಾನ್ ಎದುರು ನಾಲ್ಕು ಗೋಲು ಹೊಡೆದು ಎಂಟು ತಿಂದ್ರು. 2024ರ ಕ್ವಾಲಿಫೈಯರ್ಸ್‌ನಲ್ಲಿ ಬ್ರೂನೈಗೆ 13 ಗೋಲು ಹೊಡೆದವರು ಥಾಯ್ಲೆಂಡ್ ಎದುರು 2-3ರಲ್ಲಿ ಸೋತು ಹೊರಗೆ ಬಿದ್ರು. ಇಷ್ಟು ನೋಡಿದ ಮೇಲೆ ನಮ್ಮ ಹುಡುಗರಿಗೆ ಆಟ ಬರಲ್ಲ ಅಂತ ಯಾರೂ ಹೇಳೋಕಾಗಲ್ಲ, ಟೈಟ್ ಮ್ಯಾಚಲ್ಲಿ ಕೊನೇ ಇಪ್ಪತ್ತು ನಿಮಿಷ ಏನು ಮಾಡ್ಬೇಕು ಅನ್ನೋದು ಕಡಿಮೆ ಬೀಳುತ್ತೆ ಅಂತ ನನಗನ್ಸುತ್ತೆ, ಅದನ್ನ ಯಾವ ಕ್ಯಾಂಪಲ್ಲೂ ಕಲಿಸೋಕಾಗಲ್ಲ, ಅಂಥ ಮ್ಯಾಚುಗಳನ್ನ ಹನ್ನೆರಡನೇ ವಯಸ್ಸಿಂದ ಆಡ್ತಾ ಬಂದಿರ್ಬೇಕು. ಅಹಮದಾಬಾದ್‌ನಲ್ಲಿ ಗೆಲ್ಲಿಸಿದ್ದೂ ಅದೇ ಬಿಬಿಯಾನೊ ಸರ್.

ವಯಸ್ಸಿನ ವಿಷಯ ಒಂದು ಹೇಳ್ಲೇಬೇಕು. 2009ರಿಂದ ಫಿಫಾ ಅಂಡರ್-17ಗೆ ಮಣಿಕಟ್ಟಿನ ಎಂಆರ್‌ಐ (ಸ್ಕ್ಯಾನ್) ತಂದಿದೆ, ಅಲ್ಲಿನ ಮೂಳೆ ಪೂರ್ತಿ ಕೂಡ್ಕೊಂಡಿದ್ರೆ, ಅಂದ್ರೆ ವಯಸ್ಸು ಮೀರಿದೆ ಅಂತ ಕಂಡ್ರೆ, ಸರ್ಟಿಫಿಕೇಟಲ್ಲಿ ಏನೇ ಇದ್ರೂ ಹುಡುಗ ಆಡೋ ಹಾಗಿಲ್ಲ. ನಮ್ಮಲ್ಲಿ ಶಾಲೆಗೆ ಸೇರಿಸೋವಾಗ ಮೇಷ್ಟ್ರು ಅಂದಾಜಲ್ಲಿ ಜೂನ್ 1 ಅಂತ ಬರ್ಕೊಂಡಿದ್ದು ಎಷ್ಟೋ ಮಂದಿಗೆ ಹುಟ್ಟಿದ ತಾರೀಕಾಗಿ ಉಳಿದಿದೆ. ಬೇಕಂತ್ಲೇ ವಯಸ್ಸು ಇಳಿಸೋರೂ ಇದ್ದಾರೆ, ಮೀಸೆ ಬಂದವರು ಅಂಡರ್-14 ಆಡೋದನ್ನ ಕಣ್ಣಾರೆ ನೋಡಿದೀನಿ, ಎದುರಿಗೆ ನಿಂತ ಚಿಕ್ಕ ಹುಡುಗ ಎರಡು ಸಲ ಡಿಕ್ಕಿ ಹೊಡೆಸ್ಕೊಂಡು ಮೂರನೇ ಸಲ ಬಾಲ್ ಹತ್ರಾನೇ ಹೋಗಲ್ಲ. ಆ ಚಿಕ್ಕವನು ಆಟ ಬಿಡ್ತಾನೆ, ದೊಡ್ಡವನು ನಾಲ್ಕು ವರ್ಷ ಆಡಿ ಕೊನೆಗೆ ನ್ಯಾಷನಲ್ ಕ್ಯಾಂಪಿನ ಎಂಆರ್‌ಐ ಮೆಷಿನ್ ಮುಂದೆ ಸಿಕ್ಕಿ ಬೀಳ್ತಾನೆ, ಇಬ್ಬರೂ ಹೋದ್ರು. ಇದನ್ನ ಹದಿನಾರನೇ ವಯಸ್ಸಲ್ಲಿ ಹಿಡಿಯೋ ಬದಲು ಹನ್ನೊಂದನೇ ವಯಸ್ಸಲ್ಲಿ, ಲೀಗಿಗೆ ಹೆಸರು ಬರೆಸೋವಾಗ್ಲೇ, ಜನನ ಪ್ರಮಾಣಪತ್ರ ನೋಡಿ, ಡೌಟ್ ಇದ್ದ ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಕಾರದ ಖರ್ಚಲ್ಲೇ ಟೆಸ್ಟ್ ಮಾಡಿಸಿ ಸರಿ ಮಾಡ್ಬಹುದು. ಮಕ್ಕಳಿಗೆ ಶಿಕ್ಷೆ ಬೇಡ, ಸರಿಯಾದ ಗ್ರೂಪಿಗೆ ಹಾಕಿ ಸಾಕು.

ಎಸ್ಸೆಸ್ಸೆಲ್ಸಿ ಮಕ್ಕಳ ಅಟೆಂಡೆನ್ಸ್ ವಿಚಾರನೂ ಇದೆ, ಆಟಕ್ಕೆ ಹೋದ ದಿನನ ಹಾಜರಿ ಅಂತಾನೇ ಲೆಕ್ಕ ಹಾಕೋ ಹಾಗೆ ಶಿಕ್ಷಣ ಸಚಿವರ ಜೊತೆ ಕೂತು ಮಾತಾಡಿ ಅಂತ ಕೇಳ್ಕೊಳ್ತೀನಿ.

ಹುಡುಗಿಯರನ್ನ ಮರೆತು ಈ ಪತ್ರ ಮುಗಿಸೋಕಾಗಲ್ಲ. 2022ರಲ್ಲಿ ನಮ್ಮ ದೇಶದಲ್ಲೇ ನಡೆದ ಅಂಡರ್-17 ವರ್ಲ್ಡ್ ಕಪ್‌ನಲ್ಲಿ ಆತಿಥೇಯರು ಅಂತ ಸೀಟು ಸಿಕ್ಕಿ ಅಮೆರಿಕ ಎದುರು 0-8 ಸೋತಾಗ ಜನ ಏನೇನೋ ಅಂದ್ರು. ಮೂರು ವರ್ಷ ಆದ್ಮೇಲೆ, 2025ರ ಅಕ್ಟೋಬರಲ್ಲಿ, ಬಿಷ್ಕೆಕ್‌ನಲ್ಲಿ ಅಂಡರ್-17 ಹುಡುಗಿಯರು ಉಜ್ಬೇಕಿಸ್ತಾನ್ ಎದುರು ಹಿಂದೆ ಬಿದ್ದು, ಆಮೇಲೆ 2-1ರಲ್ಲಿ ಗೆದ್ದು, ಕ್ವಾಲಿಫೈಯರ್ಸ್ ಆಡ್ಕೊಂಡೇ ಏಷ್ಯನ್ ಕಪ್‌ಗೆ ಹೋದ್ರು. ನನ್ನ ಹತ್ರ ಬರೋ ಮೂವತ್ತರಲ್ಲಿ ಏಳು ಜನ ಹುಡುಗಿಯರು. ಅವರಿಗೆ ವರ್ಷಕ್ಕೊಂದು ಮ್ಯಾಚೂ ಗ್ಯಾರಂಟಿ ಇಲ್ಲ, ಎದುರಿಗೆ ಟೀಮೇ ಬರಲ್ಲ.

ನಮ್ಮ ರಾಜ್ಯಕ್ಕೆ ಈ ಆಟ ಹೊಸದಲ್ಲ ಸರ್. ಬೆಂಗಳೂರಿನ ಅಹ್ಮದ್ ಖಾನ್ 1948ರಲ್ಲೂ 1952ರಲ್ಲೂ ಒಲಿಂಪಿಕ್ಸ್ ಆಡಿದವರು. ಬೆಂಗಳೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಆಟಗಾರ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ. 2023ರ ಮಾರ್ಚಲ್ಲಿ ರಿಯಾದ್‌ನಲ್ಲಿ ಮೇಘಾಲಯನ 3-2ರಲ್ಲಿ ಸೋಲಿಸಿ 54 ವರ್ಷ ಆದ್ಮೇಲೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ತಂದ್ವಿ, ಅವತ್ತು ನಮ್ಮ ಗ್ರೌಂಡಲ್ಲೂ ಮಕ್ಕಳು ಪಟಾಕಿ ಹೊಡೆದಿದ್ರು.

ಹಾಗಾಗಿ ನಾನು ಕೇಳೋದು ಹೊಸ ಸ್ಟೇಡಿಯಂ ಅಲ್ಲ, ಗೆದ್ದವರಿಗೆ ನಗದು ಬಹುಮಾನನೂ ಅಲ್ಲ. ಜಿಲ್ಲೆಗೊಂದು ಅಂಡರ್-13, ಅಂಡರ್-15 ಲೀಗ್, ಹುಡುಗರಿಗೂ ಹುಡುಗಿಯರಿಗೂ, ಶನಿವಾರ ಮಧ್ಯಾಹ್ನ ಇಲ್ಲಾ ಭಾನುವಾರ ಬೆಳಿಗ್ಗೆ, ಪ್ರತಿ ಟೀಮಿಗೆ ವರ್ಷಕ್ಕೆ ಕಡಿಮೆ ಅಂದ್ರೂ 15 ಮ್ಯಾಚು. ಗ್ರೌಂಡ್ ಶಾಲೇದೇ ಇರಲಿ, ದೈಹಿಕ ಶಿಕ್ಷಕರಿಗೆ ಓಓಡಿ (ಆ ದಿನನೂ ಡ್ಯೂಟಿ ಅಂತ ಲೆಕ್ಕ) ಕೊಡಿ, ರೆಫ್ರಿಗಳನ್ನ ರಾಜ್ಯ ಫುಟ್‌ಬಾಲ್ ಸಂಸ್ಥೆ ಜೊತೆ ಸೇರಿ ತಯಾರು ಮಾಡಿ, ಬಸ್ ಚಾರ್ಜು ಮತ್ತೆ ಬಾಲ್ ಮಾತ್ರ ಸರ್ಕಾರ ನೋಡ್ಕೊಳ್ಳಲಿ. ಜಿಲ್ಲಾ ಕ್ರೀಡಾಂಗಣನ ಸಮಾರಂಭಕ್ಕೆ ಕೊಟ್ಟು ಶಾಮಿಯಾನ ಗೂಟದ ಗುಂಡಿ ಹಾಗೇ ಬಿಡೋದನ್ನ ನಿಲ್ಲಿಸಿದ್ರೆ ಇನ್ನೂ ಒಳ್ಳೇದು, ಹೋದ ಬೇಸಿಗೇಲಿ ನಮ್ಮ ಹುಡುಗನೊಬ್ಬನ ಕಾಲು ಉಳುಕಿದ್ದು ಅಂಥ ಗುಂಡೀಲೇ.

ಅಂಡರ್-17 ವರ್ಲ್ಡ್ ಕಪ್ ಈಗ ವರ್ಷಾ ವರ್ಷ ನಡೆಯುತ್ತೆ, 48 ಟೀಮು, 2029ರವರೆಗೂ ಕತಾರ್‌ನಲ್ಲೇ. 2029ಕ್ಕೆ ಆಡೋರು 2012ರಲ್ಲಿ ಅಥವಾ ಆಮೇಲೆ ಹುಟ್ಟಿರ್ಬೇಕು. ಆ ಲೆಫ್ಟ್ ಬ್ಯಾಕ್ ಹುಟ್ಟಿದ್ದು 2012ರಲ್ಲೇ ಸರ್, ಅವನ ಹತ್ರ ಆಸ್ಪತ್ರೆಯ ಜನನ ಪ್ರಮಾಣಪತ್ರನೂ ಇದೆ. ಇವತ್ತೂ ಎಲ್ಲರಿಗಿಂತ ಮೊದಲು ಗ್ರೌಂಡಿಗೆ ಬಂದು ಒಬ್ಬನೇ ಪೆನಾಲ್ಟಿ ಹೊಡೀತಿದ್ದ. ಜೂನಲ್ಲಿ ಶಾಲೆ ಶುರು ಆಗೋ ಮುಂಚೆ ಲೀಗಿನ ಆದೇಶ ಹೊರಡಿಸಿ, ಅವನ ನೆಕ್ಸ್ಟ್ ಮ್ಯಾಚ್ ಯಾವತ್ತು ಅಂತ ನಾನು ತಾರೀಕು ಹೇಳ್ಬೇಕು.

ಇಂತಿ,
ಹೈಸ್ಕೂಲ್ ಗ್ರೌಂಡಿನ ಒಬ್ಬ ಫುಟ್‌ಬಾಲ್ ಕೋಚ್