ಚುರುಕು ಅನ್ನುವ ಮಾತು

ಪ್ರೀತಿಯ ತಂಗಿ,

ನಿನ್ನ ಕತೆಯನ್ನು ಎರಡು ಸಲ ಓದಿದೆ, ಜತೆಗಿಟ್ಟ ಚೀಟಿಯನ್ನು ನಾಲ್ಕು ಸಲ. "ನನ್ನ ಬುದ್ಧಿ ಚುರುಕಿಲ್ಲ, ಬರೆಯೋದು ಬಿಟ್ಟುಬಿಡಲಾ?" ಅಂತ ಕೇಳಿದ್ದೀಯ. ಕತೆ ಎಷ್ಟುದ್ದ ಇರಬೇಕು, ಪತ್ರಿಕೆಗೆ ಹೇಗೆ ಕಳಿಸಬೇಕು ಅನ್ನೋದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಆ ಒಂದು ಪದದ ಬಗ್ಗೆ ಮಾತಾಡಬೇಕು.

ಆರು ಕಡೆ ನಿನ್ನ ನಾಯಕಿಯನ್ನು 'ಚುರುಕು ಹುಡುಗಿ' ಅಂದಿದ್ದೀಯ. ಒಂದು ಕಡೆಯೂ ನಾನು ನಂಬಲಿಲ್ಲ. ಆದರೆ ಮೂರನೇ ಪುಟದಲ್ಲಿ ಅಪ್ಪ ಚಪ್ಪಲಿ ಬಿಡುವ ಸದ್ದು ಕೇಳಿದ್ದೇ ತಡ, ಎರಡು ಲೋಟಗಳಲ್ಲಿ ಒಂದನ್ನು ತೊಳೆದ ಪಾತ್ರೆಗಳ ನಡುವೆ ಬೋರಲು ಹಾಕುತ್ತಾಳಲ್ಲ, ಅಲ್ಲಿ ಎದ್ದು ಕೂತೆ. ಅಲ್ಲಿ ಆ ಪದವೇ ಇಲ್ಲ!

ಚುರುಕು ಅಂದರೆ ಬರೀ ಬೇಗ ಅಲ್ಲ ಕಣಮ್ಮ. ಬಿಸಿಲು ಚುರುಕಾಗಿದೆ ಅಂತೀವಿ. ಹಸಿದ ಹೊಟ್ಟೆ ಚುರುಗುಟ್ಟುತ್ತದೆ. ಅತಿಯಾಗಿ ಆಡಿದವನಿಗೆ ಚುರುಕು ಮುಟ್ಟಿಸುತ್ತೇವೆ. ಅದರೊಳಗೆ ಉರಿ ಇದೆ, ತಾಗುವ ಗುಣ ಇದೆ. 'ಮುಂಗಾರು ಚುರುಕು', 'ತನಿಖೆ ಚುರುಕು' ಅಂತ ಪತ್ರಿಕೆಗಳು ದಿನಾ ಬರೆದು ಅದನ್ನು ವೇಗಕ್ಕೆ ಕಟ್ಟಿಹಾಕಿವೆ. ಚೂಟಿ ಬೇರೆ, ಅದು ಮಕ್ಕಳಿಗೆ ಒಪ್ಪುವ ಮಾತು. ಕುಶಾಗ್ರಬುದ್ಧಿ ಅಂದರೆ ದರ್ಭೆಯ ತುದಿಯಷ್ಟು ಮೊನಚು. ಪಂಚತಂತ್ರದಲ್ಲಿ ಸತ್ತಂತೆ ನಟಿಸಿ ಮೀನುಗಾರರ ಕೈಯಿಂದ ಪಾರಾದ ಮೀನಿಗೆ ಪ್ರತ್ಯುತ್ಪನ್ನಮತಿ, ಅಂದರೆ ಆ ಕ್ಷಣಕ್ಕೇ ಬುದ್ಧಿ ಹೊಳೆಯುವವನು, ಅಂತಲೇ ಹೆಸರು. ಆ ಗತ್ತಿನ ಮಾತು ನಿನ್ನ ಹುಡುಗಿಗೆ ಹೊಂದುವುದಿಲ್ಲ. ಅಪ್ಪನ ಹೆಜ್ಜೆ ಅವಳಿಗೆ ತಾಗಿತು, ಕೈ ಓಡಿತು. ಅಷ್ಟೇ.

ನನಗೆ ಇಪ್ಪತ್ತಾರಾಗಿದ್ದಾಗ ಹಿರಿಯ ವಿಮರ್ಶಕರೊಬ್ಬರು, ನಿನ್ನ ಸಂಭಾಷಣೆ ಬಹಳ ಚುರುಕಯ್ಯಾ, ಅಂದರು. ಆ ಹೊಗಳಿಕೆ ತಲೆಗೇರಿ ಹತ್ತು ವರ್ಷ ಅದನ್ನೇ ಉಜ್ಜಿದೆ. ಆಗಿನ ಒಂದು ಕತೆಯಲ್ಲಿ, ತಾಯಿಯನ್ನು ಸುಟ್ಟು ಬಂದ ಮಗನೂ ಥಟ್ಟನೆ ಎದುರುತ್ತರ ಕೊಡುತ್ತಾನೆ. ಅವನು ಸುಮ್ಮನೆ ಕೂರಬೇಕಿತ್ತು. ಅಚ್ಚಾದದ್ದನ್ನು ತಿದ್ದಲಾರೆ. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಅವರ ಮಾತಿಗೆ ಕುಣಿದ ನನ್ನ ಮೇಲಿನದಂತೂ ಆರಿಯೇ ಇಲ್ಲ.

ನಿನಗೆ ಚುರುಕಿಲ್ಲವಂತೆ! ಹಾಗಾದರೆ ಆ ಲೋಟ ಯಾರ ಕಣ್ಣಿಗೆ ಬಿತ್ತು? ನಿಧಾನವಾಗಿ ಬರೆಯುತ್ತೀಯ, ಬರೆ, ಯಾರು ಅಟ್ಟಿಸಿಕೊಂಡು ಬಂದಿದ್ದಾರೆ? ಆರೂ ಕಡೆ ಆ ಪದ ಹೊಡೆದುಹಾಕು. ಮತ್ತೆ, ಬೋರಲು ಹಾಕಿದ ಲೋಟ ಇನ್ನೂ ಬಿಸಿಯಿತ್ತಾ? ಅಪ್ಪ ಅದನ್ನು ಮುಟ್ಟಿದನಾ? ನೀನು ಹೇಳೇ ಇಲ್ಲ. ಅದನ್ನು ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ