ರೈಸ್ ಸಾಹೇಬರ ಹೆಸರು, ನಿನ್ನ ಮಗಳ ಫಾರಂ

ಪ್ರಿಯ ಸೀನ,

ನಮ್ಮ ಶಾಸನಗಳನ್ನು ಅಚ್ಚು ಹಾಕಿಸಿದ ಬಿ.ಎಲ್. ರೈಸ್, ಅಂದರೆ ಬೆಂಜಮಿನ್ ಲೂಯಿಸ್ ರೈಸ್, ಅವರ ಹೆಸರಿಗೂ ಅಕ್ಕಿಗೂ ಸಂಬಂಧ ಇದೆಯಾ ಅಂತ ಕೇಳಿದ್ದೆಯಲ್ಲ. ಇಲ್ಲ ಕಣೋ. ಶೇಷಣ್ಣನಿಗೆ ಹೇಳು, ಪಂದ್ಯ ಸೋತ.

ವೇಲ್ಸ್‌ನ ರೀಸ್ ಎಂಬ ಹೆಸರೇ ಇಂಗ್ಲಿಷ್ ಕಾಗುಣಿತ ತೊಟ್ಟು ರೈಸ್ ಆಯಿತು. ಅರ್ಥ ಹುರುಪು, ಆವೇಶ. ಅಲ್ಲಿಯ ಭಾಷೆಯಲ್ಲಿ 'ಆಪ್' ಅಂದರೆ ಮಗ. ಆಪ್ ರೀಸ್ ಅಂತ ಬೇಗ ಬೇಗ ಹೇಳಿ ನೋಡು, ಪ್ರೈಸ್ ಎಂಬ ಮನೆತನ ಹುಟ್ಟಿದ್ದು ಹಾಗೆ. ಆಪ್ ರಿಚರ್ಡ್ ಪ್ರಿಚರ್ಡ್ ಆಯಿತು, ಆಬ್ ಓವೆನ್ ಬೋವೆನ್ ಆಯಿತು.

ಬೆಂಜಮಿನ್ ಹೀಬ್ರೂ ಹೆಸರು. ಬೈಬಲಿನ ರಾಹೇಲಳು ಹೆರಿಗೆಯಲ್ಲಿ ಪ್ರಾಣ ಬಿಡುತ್ತಾ ಮಗುವನ್ನು ಬೆನೋನಿ, 'ನನ್ನ ದುಃಖದ ಮಗ' ಅಂದಳು. ಯಾಕೋಬ ಅದನ್ನು ಬದಲಿಸಿ 'ಬಲಗೈಯ ಮಗ' ಅಂತ ಹೆಸರಿಟ್ಟ. ಮಧ್ಯದ ಲೂಯಿಸ್ ಮಾತ್ರ ದಾರಿ ತಪ್ಪಿಸುತ್ತೆ. ಇಂಗ್ಲೆಂಡಿನಲ್ಲಿ ಅದು ಫ್ರೆಂಚರ ಲೂಯಿ, ಜರ್ಮನ್ನರ ಲುಡ್ವಿಗ್. ವೇಲ್ಸ್‌ನಲ್ಲಿ ಲೆವೆಲಿನ್ ಎಂಬವನನ್ನೂ ಲೂಯಿಸ್ ಅಂತಲೇ ಬರೆದರು.

ಹಾಗಾಗಿ ನಿಘಂಟು ನೋಡಿದರೆ ಹೆಸರಿನ ಬೇರು ಸಿಗುತ್ತೆ, ಮನೆತನದ್ದಲ್ಲ. ಮನೆತನದ ಬೇರಿಗೆ 1538ರಿಂದ ಇಂಗ್ಲೆಂಡ್, ವೇಲ್ಸ್‌ನ ಚರ್ಚುಗಳಲ್ಲಿಟ್ಟ ಜ್ಞಾನಸ್ನಾನ, ಮದುವೆ, ಶವಸಂಸ್ಕಾರದ ಪುಸ್ತಕಗಳೇ ಗತಿ. ಈಚಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರು ಹೋಗಬೇಕು. ಬರೆದವರು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ರೈಸ್, ರೀಸ್, ಪ್ರೈಸ್ ಮೂರನ್ನೂ ಹುಡುಕಬೇಕು. ವೇಲ್ಸ್‌ನ ಹಳ್ಳಿಗಳಲ್ಲಂತೂ ಬಹಳ ಕಾಲ ಅಪ್ಪನ ಹೆಸರೇ ಮಗನ ಹೆಸರಿನ ಕೊನೆಗೆ ಬರುತ್ತಿತ್ತು, ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಒಂದೇ ಮನೆತನದ ಹೆಸರು ಹಿಡಿದು ಹೊರಟವರು ಎಡವುವುದು ಅಲ್ಲೇ.

ಬೆಂಗಳೂರಲ್ಲಿ 1837ರಲ್ಲಿ ಹುಟ್ಟಿದ ಈ ರೈಸ್ ಸಾಹೇಬರು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳಲ್ಲಿ ಸಾವಿರಾರು ಶಾಸನ ಅಚ್ಚು ಹಾಕಿಸಿದರು. ಪುಟ ಪುಟದಲ್ಲೂ ಇಂಥವನ ಮಗ ಇಂಥವನು. ರೈಸ್ ಎಂಬುದೂ ಎಂದೋ ಯಾರದೋ ಅಪ್ಪನ ಹೆಸರೇ, ಆಮೇಲೆ ಹೆಪ್ಪುಗಟ್ಟಿತು. ಈಗ ನಿನ್ನ ಕಣ್ಣೆದುರೂ ಅದೇ ನಡೀತಿದೆ. ನಿನ್ನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ರಂಗಪ್ಪ ಅಂತ ಬಿಡಿಸಿಕೊಂಡಿತು, ಆಫೀಸಲ್ಲಿ ನೀನೇ ಮಿಸ್ಟರ್ ರಂಗಪ್ಪ, ನಾಳೆ ಮಗಳೂ ರಂಗಪ್ಪ.

ಹೇಳಬಾರದು ಅಂದುಕೊಂಡಿದ್ದೆ. ಇದು ನನಗೆ ಸಂಕಟ ಕೊಡುತ್ತೆ ಸೀನ. ನಾಲ್ಕು ತಲೆಮಾರು ಕಳೆದರೆ ರಂಗಪ್ಪ ಅಂದರೆ ಬರೀ ಸರ್‌ನೇಮು. ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಕೊಟ್ಟವರು ಅವರು, ಅಂಥ ಒಬ್ಬರಿದ್ದರು ಅಂತ ಆ ಹೆಸರು ಹೊತ್ತವರಿಗೇ ಗೊತ್ತಿರಲ್ಲ.

ಸಾಕು, ಬಾಣಂತಿ ಇರೋ ಮನೆಗೆ ಇಷ್ಟು ಭಾರದ ಕಾಗದ ಬೇಡ. ನೀನಿರೋ ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ 42 ದಿನದೊಳಗೆ ನೋಂದಣಿ ಆಗಬೇಕು, ಅಪ್ಪ ಅಮ್ಮನದಲ್ಲದ ಸರ್‌ನೇಮನ್ನೂ ಬರೆಸಬಹುದು. ಆ ಖಾನೆ ತುಂಬುವ ಮುಂಚೆ ಒಂದು ಫೋನ್ ಮಾಡು. ನಾಮಕರಣಕ್ಕೆ ಹೋಳಿಗೆ ಮಾಡೋಕೆ ಕಮಲತ್ತೆಗೆ ಮಾತ್ರ ಹೇಳಬೇಡ.

ನಿನ್ನ,
ಗೋಪಿ