ಹೈಫಾಕ್ಕೆ ಹೋದ ಮೈಸೂರು ಸವಾರರ ಹೆಸರು ಉಳಿಸಿಕೊಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಡಿದಾದ ಕಾಲುದಾರಿಯಲ್ಲಿ ಇಂದಿನ ಇಸ್ರೇಲಿನ ಹೈಫಾ ಪಕ್ಕದ ಕಾರ್ಮೆಲ್ ಬೆಟ್ಟ ಹತ್ತಿ, ಮೇಲಿದ್ದ ಶತ್ರುವಿನ ಫಿರಂಗಿಗಳ ಮೇಲೆ ನುಗ್ಗಿತು. ಕೆಳಗೆ ಜೋಧಪುರದ ಸವಾರರು ಹೈಫಾ ಊರಿಗೇ ಕುದುರೆ ಓಡಿಸಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿರುವ ಮೂರು ಸೈನಿಕ ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮಡಿದವರ ಸ್ಮಾರಕವೂ ಇದೆ. ಆದರೆ ಬದುಕಿ ಊರಿಗೆ ಮರಳಿದವರು ಯಾರು, ಯಾವ ಹೋಬಳಿಯವರು?

ಹೈಫಾ ಕೈವಶವಾದ ಮೇಲೆ ತೆಗೆದ ಒಂದು ಪ್ರಸಿದ್ಧ ಫೋಟೊ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಪೇಟ ಸುತ್ತಿ, ಈಟಿ ಹಿಡಿದ ಸವಾರರು ಬೀದಿಯಲ್ಲಿ ಸಾಲಾಗಿ ಸಾಗುತ್ತಿದ್ದಾರೆ. ಅಡಿಬರಹದಲ್ಲಿ ಅವರು ಬರೀ 'ಭಾರತೀಯ ಲ್ಯಾನ್ಸರ್‌ಗಳು'. ಒಬ್ಬರ ಹೆಸರೂ ಇಲ್ಲ. ಯುದ್ಧದ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವನ್ನು ಬರೆದವರು ಅಧಿಕಾರಿಗಳು. ತುಕಡಿ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಕುದುರೆ ಸತ್ತವು ಎಂಬುದು ಅಂಥ ಕಡತಗಳಲ್ಲಿ ಸಿಕ್ಕೀತು. ಸಾಮಾನ್ಯ ಸವಾರನ ಮನೆ-ಮಠದ ಸುದ್ದಿ ಅಲ್ಲಿ ಸಿಗುವುದಿಲ್ಲ.

ಅದು ಸಿಗಬೇಕಾದದ್ದು ಇಲ್ಲೇ: ವಿಕಾಸಸೌಧದ ರಾಜ್ಯ ಪತ್ರಾಗಾರದಲ್ಲಿ, ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ, ಅದಕ್ಕಿಂತ ಹೆಚ್ಚಾಗಿ ಹಳೆಯ ಮನೆಗಳ ಟ್ರಂಕುಗಳಲ್ಲಿ. ಮುತ್ತಜ್ಜನ ಪಿಂಚಣಿ ಕಾಗದ, ಪದಕ, ಸ್ಟುಡಿಯೋದಲ್ಲಿ ಕುರ್ಚಿ ಹಿಡಿದು ನಿಂತ ಪಟ. ಇಂಥ ಪಟದ ಹಿಂಬದಿಯೇ ಮುಖ್ಯ. ಸ್ಟುಡಿಯೋ ಮುದ್ರೆ, ಪೆನ್ಸಿಲ್ಲಿನಲ್ಲಿ ಗೀಚಿದ ಊರಿನ ಹೆಸರು ಇರುವುದು ಅಲ್ಲಿ. ಫ್ರೇಮು ಬದಲಿಸುವಾಗ ಅಂಟು ಬಳಿದರೆ ಅಷ್ಟೂ ಹೋಯಿತು. ಮನೆ ಖಾಲಿ ಮಾಡುವಾಗಂತೂ ಟ್ರಂಕೇ ಗುಜರಿಗೆ ಹೋಗುತ್ತದೆ.

ಇದು ಆಗದ ಕೆಲಸವೇನಲ್ಲ. ಅದೇ ಯುದ್ಧದಲ್ಲಿದ್ದ ಪಂಜಾಬಿನ ಸುಮಾರು 3.2 ಲಕ್ಷ ಸೈನಿಕರ ವಿವರವಿದ್ದ ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಂನಲ್ಲಿ ದಶಕಗಳ ಕಾಲ ಬಿದ್ದಿದ್ದವು. 2021ರಿಂದ ಅವು ಅಂತರ್ಜಾಲದಲ್ಲಿ ಸಿಗತೊಡಗಿದವು. ಮೊಮ್ಮಕ್ಕಳು ಈಗ ತಮ್ಮ ಹಳ್ಳಿಯ ಹೆಸರು ಹಾಕಿ ಹುಡುಕುತ್ತಿದ್ದಾರೆ. ಮೈಸೂರಿನದು ಅದಕ್ಕಿಂತ ಎಷ್ಟೋ ಚಿಕ್ಕ ಸೈನ್ಯ.

ಪತ್ರಾಗಾರ ಇಲಾಖೆಯಿಂದ ಜಿಲ್ಲೆಗಳಲ್ಲಿ ಶಿಬಿರ ನಡೆಸಿ. ಮನೆಯವರ ಕಣ್ಣೆದುರೇ ಎರಡೂ ಬದಿ ಸ್ಕ್ಯಾನ್ ಮಾಡಿ, ಮೂಲವನ್ನು ಅಲ್ಲೇ ಕೈಗೆ ಕೊಟ್ಟುಬಿಡಿ. ಇಲ್ಲದಿದ್ದರೆ ಯಾರೂ ನಂಬಿ ತರುವುದಿಲ್ಲ, ತರಬೇಕೂ ಇಲ್ಲ. ಉರ್ದು ಮತ್ತು ಹಳೆಯ ಮೋಡಿ ಲಿಪಿ ಓದಬಲ್ಲವರನ್ನು ಜೊತೆಗಿಡಿ. ಸೈನ್ಯಕ್ಕೆ ಸಂಬಂಧಿಸಿದ ಸರ್ಕಾರಿ ಕಡತಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ. ಬರುವ ಸೆಪ್ಟೆಂಬರ್ 23ರಂದು ಸ್ಮಾರಕಕ್ಕೆ ಹಾರ ಹಾಕಲು ಬರುವಾಗ ಈ ಆದೇಶಕ್ಕೆ ಸಹಿ ಹಾಕಿಯೇ ಬನ್ನಿ ಎಂದು ಕೋರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ